ಜಾಲಂಧ್ರದ ಕಿಂಡಿ ಕಿರಿದಾದಷ್ಟೂ

ಸೋಮನಾಥಪುರದ ಕೇಶವ ದೇವಾಲಯದ ಮಂಟಪಕ್ಕೆ ಬೆಳಕು ಬರುವುದು ಕಲ್ಲಿನ ಜಾಲಂಧ್ರಗಳ ಮೂಲಕ, ಕಿಂಡಿಕಿಂಡಿಗೂ ಹಂಚಿಹೋಗಿ. 1974ರಲ್ಲಿ ಅಮೆರಿಕದ ಭೌತವಿಜ್ಞಾನಿ ಕೆನೆತ್ ವಿಲ್ಸನ್ ದೇಶ-ಕಾಲಗಳನ್ನೇ ಇಂಥದೊಂದು ಜಾಲವಾಗಿ ಕಲ್ಪಿಸಿದರು. ಗಂಟುಗಳಲ್ಲಿ ಪ್ರೋಟಾನಿನ ಒಳಕಣಗಳಾದ ಕ್ವಾರ್ಕ್‌ಗಳು, ಗಂಟಿನಿಂದ ಗಂಟಿಗೆ ಹಾಯುವ ಎಳೆಗಳಲ್ಲಿ ಅವನ್ನು ಬಿಗಿದಿಡುವ ಗ್ಲೂವಾನ್‌ಗಳು. ಹೀಗೆ ಬಿಗಿದಿಡುವ ಬಲ ಕಾಗದದ ಲೆಕ್ಕಕ್ಕೆ ಬಗ್ಗುವುದಿಲ್ಲ. ಜಾಲದ ಮೇಲೆ ಹರವಿದರೆ ಕಂಪ್ಯೂಟರಿಗೆ ಒಪ್ಪಿಸಬಹುದು. ಆದರೆ ಈ ಜಾಲ ಪ್ರಕೃತಿಯದಲ್ಲ, ನಾವು ಹೆಣೆದದ್ದು. ಕಿಂಡಿಗಳನ್ನು ಕಿರಿದು ಮಾಡುತ್ತಾ ಹೋಗಿ ಕೊನೆಗೆ ಅದನ್ನು ಅಳಿಸಲೇಬೇಕು. ಈ ಕ್ಷೇತ್ರದ ಐವತ್ತು ವರ್ಷಗಳ ಪಾಡೆಲ್ಲ ನನಗೆ ಕಾಣುವುದು ಆ ಅಳಿಸುವ ಕೆಲಸದಲ್ಲೇ.

ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಮೈಕೆಲ್ ಕ್ರೂಟ್ಸ್ 1980ರ ಸುಮಾರಿಗೆ ಮಾಂಟೆ ಕಾರ್ಲೊ ವಿಧಾನದಿಂದ, ಅಂದರೆ ದಾಳ ಉರುಳಿಸಿದಂತೆ ಸಂಖ್ಯೆಗಳನ್ನು ಆಯ್ದು, ಈ ಜಾಲವನ್ನು ಲೆಕ್ಕಕ್ಕೆ ತಂದರು. 1981ರಲ್ಲೇ ಅಮೆರಿಕ, ಹಂಗೆರಿಗಳ ತಂಡಗಳು ಕಾವೇರಿದಾಗ ಬಿಗಿತ ಸಡಿಲುವುದನ್ನು ತೋರಿಸಿದವು. ಅಲ್ಲಿ ಇದ್ದದ್ದು ಗ್ಲೂವಾನ್ ಮಾತ್ರ. ಕ್ವಾರ್ಕ್ ಸೇರಿಸಿದರೆ ಭಾರೀ ಮಾತೃಕೆಗಳ ನಿರ್ಧಾರಕ ಬೇಕು. ಕ್ವಾರ್ಕ್ ಹಗುರವಾದಷ್ಟೂ ಲೆಕ್ಕ ದುಬಾರಿ. 1987ರ ಹೈಬ್ರಿಡ್ ಮಾಂಟೆ ಕಾರ್ಲೊ ಆ ಹೊರೆಯನ್ನು ಹೊರಬಹುದಾದಷ್ಟಕ್ಕೆ ಇಳಿಸಿತು.

ಜಾಲ-ಕ್ಷೇತ್ರ ಸಿದ್ಧಾಂತದ ವಾರ್ಷಿಕ ಅಂತರರಾಷ್ಟ್ರೀಯ ಸಮ್ಮೇಳನ 2000ದ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಅದೇ ವರ್ಷದ ಜೂನ್‌ನಲ್ಲಿ ಬ್ರೂಕ್‌ಹೇವನ್‌ನ ಹೊಸ ಯಂತ್ರ ಚಿನ್ನದ ಬೀಜಕಣಗಳನ್ನು ಡಿಕ್ಕಿ ಹೊಡೆಸತೊಡಗಿತ್ತು. ಲೆಕ್ಕವೂ ಪ್ರಯೋಗವೂ ಮುಖಾಮುಖಿಯಾದ ವರ್ಷ ಅದು.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಮುಂದಿನ ಜಗಳ. ಪ್ರೋಟಾನು ಕರಗಿ ಕ್ವಾರ್ಕ್ ದ್ರವ್ಯವಾಗುವುದು ನೀರು ಕುದಿದಂತೆ ಥಟ್ಟನೆ ಅಲ್ಲ, ಬೆಣ್ಣೆ ಮೆತ್ತಗಾದಂತೆ ನಯವಾಗಿ ಎಂದು ವುಪ್ಪರ್ಟಾಲ್-ಬುಡಾಪೆಸ್ಟ್ ತಂಡ 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿತು. ಹಾಗಾದರೆ ಎಷ್ಟು ಕಾವಿನಲ್ಲಿ? ಅವರ ಒಂದು ಅಳತೆ 151 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಎಂದರೆ, ಇನ್ನೊಂದು ಗುಂಪು 192 ಎಂದಿತು. ಎರಡನೆಯವರ ಜಾಲದಲ್ಲಿ ಕಾಲದ ದಿಕ್ಕಿಗೆ ಇದ್ದ ಗಂಟುಗಳು ಬರೀ 4 ಮತ್ತು 6. ಗಂಟು ಕಡಿಮೆಯಾಗಿ ಜಾಲ ಒರಟಾದರೆ ಪಯಾನ್ ಎಂಬ ಹಗುರ ಕಣಗಳ ತೂಕವೇ ತಪ್ಪಿ, ಕಾವಿನ ಅಂಕಿ ಮೇಲಕ್ಕೆ ಜಾರುತ್ತದೆ. ವರ್ಷಗಟ್ಟಲೆ ವಾದ ನಡೆಯಿತು. ಕಿಂಡಿ ಕಿರಿದಾದಂತೆ ದೊಡ್ಡ ಅಂಕಿ ತಾನಾಗಿ ಇಳಿಯಿತು. 2012ರಲ್ಲಿ ‘ಹಾಟ್ ಕ್ಯೂಸಿಡಿ’ ಎಂಬ ಸಂಶೋಧಕರ ಕೂಟ ಕೊಟ್ಟ ಉತ್ತರ 154, ತಪ್ಪಿದರೆ 9 ಆಚೀಚೆ. 16 ಗಂಟುಗಳವರೆಗೆ ಹೋದ 2019ರ ಲೆಕ್ಕದಲ್ಲಿ 156.5, ಆಚೀಚೆ ಒಂದೂವರೆ, ಸುಮಾರು 1.8 ಲಕ್ಷ ಕೋಟಿ ಕೆಲ್ವಿನ್. ಆ ಪ್ರಬಂಧದ ಲೇಖಕರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಸಾದ್ ಹೆಗ್ಡೆ ಒಬ್ಬರು. ನಮ್ಮೂರ ಬಸ್ಸು ಹಿಡಿದರೆ ಅರ್ಧ ದಿನದಲ್ಲಿ ತಲುಪುವ ಕಟ್ಟಡವೊಂದರಲ್ಲಿ ವಿಶ್ವದ ಮೊದಲ ಮೈಕ್ರೊಸೆಕೆಂಡುಗಳ ಕಾವನ್ನು ಲೆಕ್ಕ ಹಾಕುವವರಿದ್ದಾರೆ ಎನ್ನುವುದು ನನಗೆ ದೊಡ್ಡ ಸಂಗತಿ.

ಕಾವಿನ ಜೊತೆ ಸಾಂದ್ರತೆಯೂ ಏರಿದರೆ ಮಾತ್ರ ಕಂಪ್ಯೂಟರ್ ಕೈಚೆಲ್ಲುತ್ತದೆ: ಸಂಭವನೀಯತೆ ಆಗಬೇಕಾದ ಸಂಖ್ಯೆ ಸಂಮಿಶ್ರವಾಗಿಬಿಡುತ್ತದೆ, ಉರುಳಿಸಲು ದಾಳವೇ ಇಲ್ಲ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಾಜೀವ್ ಗವಾಯಿ ಮತ್ತು ಸೌರೇಂದು ಗುಪ್ತ ಸಾಂದ್ರತೆ ಸೊನ್ನೆಯಿರುವಲ್ಲಿ ನಿಂತು ಟೇಲರ್ ಶ್ರೇಣಿಯ ಮೂಲಕ ಆಚೆ ಇಣುಕುವ ದಾರಿಯಲ್ಲಿ ನಡೆದರು. ನಯವಾದ ಕರಗುವಿಕೆ ಮುಗಿದು ಥಟ್ಟನೆಯ ಕುದಿತ ಶುರುವಾಗುವ ಬಿಂದುವನ್ನು ಅವರು 2005ರಲ್ಲಿ ಅಂದಾಜಿಸಿದರು. ಶ್ರೇಣಿಯ ಒಂದೊಂದು ಮುಂದಿನ ಸಹಗುಣಕಕ್ಕೂ ಗದ್ದಲ ಹೆಚ್ಚುತ್ತದೆ, ಯಂತ್ರದ ಗಂಟೆಗಳು ಬೆಟ್ಟದಷ್ಟಾಗುತ್ತವೆ. ಆ ಬಿಂದುವಿನ ಹುಡುಕಾಟ ಇನ್ನೂ ನಡೆದಿದೆ.