ಕಿವಿಮೊರೆತ: ಇಟಾರನ ಉಪಾಯ

ಸಿಡಿತದ ಸದ್ದಡಗಿದ ಮೇಲೂ ಕಿವಿಯೊಳಗೆ ಉಳಿಯುವ ಮೊರೆತಕ್ಕೆ ಪರಿಹಾರವೇನು? ಪ್ಯಾರಿಸಿನ ಕಿವುಡರ ವಿದ್ಯಾಲಯದ ವೈದ್ಯನಾಗಿದ್ದ ಇಟಾರನು 1821ರ ತನ್ನ ಕರ್ಣರೋಗ ಗ್ರಂಥದಲ್ಲಿ ಇದನ್ನು ವಿಚಾರಿಸಿದನು. ಮೊರೆತವನ್ನು ಅಳಿಸಲಾಗದಿದ್ದರೆ ಹೊರಗಿನ ಧ್ವನಿಯಿಂದ ಮರೆಮಾಡಬೇಕೆಂಬುದು ಆತನ ಮತ. ಉರಿಯುವ ಹಸಿಕಟ್ಟಿಗೆ, ನೀರುಗಿರಣಿಯ ನೆರೆ, ಇವೇ ಆತನ ಔಷಧಗಳು.

1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ 100 ಮಂದಿ ಬಾಯ್ಲರ್ ಕೆಲಸಗಾರರನ್ನು ಪರೀಕ್ಷಿಸಲು, ಒಬ್ಬನ ಶ್ರವಣವೂ ಸರಿಯಿರಲಿಲ್ಲ. ಗದ್ದಲವು ಒಳಗಿವಿಯ ರೋಮಕೋಶಗಳನ್ನು ಕೆಡಿಸುತ್ತದೆ. ನಾಶವಾದವು ಮತ್ತೆ ಬೆಳೆಯವು. ಆ ಕೊರತೆಗೆ ಮೆದುಳು ತೋರುವ ಪ್ರತಿಕ್ರಿಯೆಯೇ ಮೊರೆತವೆಂದು ಇಂದಿನ ಅನೇಕ ವಿದ್ವಾಂಸರ ಅಭಿಪ್ರಾಯ.

ಹೊಸ ಮೊರೆತವು ಹಲವರಲ್ಲಿ ತಾನಾಗಿ ಕುಗ್ಗುತ್ತದೆ. ಕುಗ್ಗದವರಿಗೆ ನಿಶ್ಶಬ್ದಕ್ಕಿಂತ ಮೃದುಧ್ವನಿಯೇ ಹಿತ. ಅಭ್ಯಾಸಬಲದಿಂದ ಮನಸ್ಸು ಅದನ್ನು ಕಡೆಗಣಿಸಲು ಕಲಿಯುತ್ತದೆ. ಇಟಾರನ ಬೆಂಕಿ ಆರಿದೆ. ಆತನ ವಿವೇಕ ಆರಿಲ್ಲ.