ಝುಬ್ರ್ ಮರಳಿ ಬಂದ ನಾಡು

ಪೋಲೆಂಡಿನ ಭೂಪಟದಲ್ಲಿ ಪೂರ್ವದ ಅಂಚನ್ನು ಗಮನಿಸಿ. ಬೆಲಾರೂಸ್ ಗಡಿಗೆ ಒತ್ತಿಕೊಂಡು ಹೈನುಫ್ಕಾ ಎಂಬ ‘ಪೋವ್ಯಾತ್’ ಇದೆ. ಪೋವ್ಯಾತ್ ಎಂದರೆ ಹೆಚ್ಚುಕಡಿಮೆ ನಮ್ಮ ದೊಡ್ಡ ತಾಲ್ಲೂಕಿನಷ್ಟು ವಿಸ್ತಾರದ ಆಡಳಿತ ವಿಭಾಗ. ಇದರ ಸುಮಾರು ಅರ್ಧಭಾಗ ಕಾಡು. ಒಂದು ಕಾಲಕ್ಕೆ ಯುರೋಪಿನ ಬಯಲನ್ನೆಲ್ಲ ಹೊದ್ದಿದ್ದ ಮಹಾರಣ್ಯದಲ್ಲಿ ಉಳಿದಿರುವ ತುಣುಕಾದ ಬಿಯಾವೊವಿಯೆಝಾ ಅರಣ್ಯ ಇಲ್ಲಿದೆ.

ಸುತ್ತಲಿನ ಕಾಡುಗಳು ಹೊಲಗಳಾದಾಗ ಇದೊಂದು ಉಳಿದದ್ದೇಕೆ? ರಾಜರ ಬೇಟೆಯ ಶೋಕಿಯಿಂದ! ರಾಜನಿಗೆ ಮೀಸಲಾದ ಕಾಡಿನಲ್ಲಿ ರೈತನ ಕೊಡಲಿ ಆಡುವಂತಿರಲಿಲ್ಲ. 1752ರ ಒಂದೇ ಬೇಟೆಯಲ್ಲಿ ಮೂರನೆಯ ಅಗಸ್ಟಸ್ ದೊರೆಯ ಪರಿವಾರ 42 ಝುಬ್ರ್‌ಗಳನ್ನು ಕೊಂದಿತು. ಆ ಪರಾಕ್ರಮವನ್ನು ಸಾರುವ ಕಲ್ಲುಕಂಬ ಇಂದಿಗೂ ಅಲ್ಲಿ ನಿಂತಿದೆ. ಝುಬ್ರ್ ಎಂದರೆ ಯುರೋಪಿನ ಬೈಸನ್. ನಮ್ಮ ಬಂಡೀಪುರದ ಕಾಟಿಯನ್ನೂ ಬೈಸನ್ ಎನ್ನುವ ರೂಢಿಯಿದೆ. ಆದರೆ ಇವೆರಡೂ ಬೇರೆ ಬೇರೆ ಪ್ರಾಣಿಗಳು.

ಮುಂದೆ ಕಾಡು ರಷ್ಯದ ಚಕ್ರವರ್ತಿಗಳ ವಶವಾಯಿತು. 1915ರಲ್ಲಿ ಜರ್ಮನ್ ಸೇನೆ ಮುನ್ನುಗ್ಗಿ ಬಂದಾಗ, ಭಯದಿಂದಲೂ ರಷ್ಯನ್ ಸೇನೆಯ ಒತ್ತಾಯದಿಂದಲೂ ಇಲ್ಲಿನ ಹಳ್ಳಿಗಳು ಬರಿದಾದವು. ಆರ್ಥೊಡಾಕ್ಸ್ ಕ್ರೈಸ್ತ ರೈತರು ಕುದುರೆ ಗಾಡಿಗಳಲ್ಲಿ ಸಂಸಾರ ಹೇರಿಕೊಂಡು ಪೂರ್ವಕ್ಕೆ ನಡೆದರು. ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ಜರ್ಮನ್ನರು ಕಾಡಿನೊಳಗೆ ಕಿರುಗೇಜ್ ರೈಲು ಹಾಕಿದರು, ಹೈನುಫ್ಕಾದಲ್ಲಿ ಮರ ಕೊಯ್ಯುವ ಕಾರ್ಖಾನೆಗಳನ್ನು ತೆರೆದರು. ಕಾಡು ಕಾಯುವವರ ಠಾಣೆಯಾಗಿದ್ದ ಜಾಗ ಪಟ್ಟಣವಾಗಿ ಬೆಳೆದದ್ದು ಹೀಗೆ, ಕಾಡನ್ನು ಕಡಿದೇ. ಯುದ್ಧಕ್ಕೆ ಮುಂಚೆ ಸುಮಾರು 700 ಝುಬ್ರ್‌ಗಳಿದ್ದವು. ಹಸಿದ ಸೈನಿಕರು, ಕಳ್ಳಬೇಟೆಗಾರರು ಅವನ್ನು ಮುಗಿಸಿದರು. 1919ರಲ್ಲಿ ಕೊನೆಯದೂ ಸತ್ತಿತು.

ಜನ ಮರಳಿದರು, ಎಲ್ಲರೂ ಅಲ್ಲ. ಮರಳಿದವರ ಸಂತತಿ ಇಂದಿಗೂ ಪೋಲಿಷ್ ಜೊತೆಗೆ ಬೆಲಾರೂಸಿ ಬೆರೆತ ಹಳ್ಳಿ ನುಡಿ ಆಡುತ್ತದೆ. ಹೈನುಫ್ಕಾದಲ್ಲಿ ಬೆಲಾರೂಸಿ ಭಾಷೆ ಕಲಿಸುವ ಪ್ರೌಢಶಾಲೆಯಿದೆ. ಕ್ಯಾಥೊಲಿಕ್ ಪೋಲೆಂಡಿನಲ್ಲಿ ಆರ್ಥೊಡಾಕ್ಸರು ಇಷ್ಟು ಹೆಚ್ಚಾಗಿರುವ ಪ್ರದೇಶ ಅಪರೂಪ.

ಝುಬ್ರ್ ಮರಳಿದ ಕಥೆ ವಿಜ್ಞಾನದ್ದು. ಕಾಡಿನಲ್ಲಿ ಅಳಿದರೂ ಯುರೋಪಿನ ಮೃಗಾಲಯಗಳಲ್ಲಿ ಐವತ್ತು ಚಿಲ್ಲರೆ ಪ್ರಾಣಿಗಳು ಬದುಕಿದ್ದವು. 1923ರಲ್ಲಿ ಪೋಲಿಷ್ ಪ್ರಾಣಿವಿಜ್ಞಾನಿ ಯಾನ್ ಶ್ಟೊಲ್ಟ್ಸ್‌ಮನ್ ಪ್ಯಾರಿಸ್ ಸಮ್ಮೇಳನದಲ್ಲಿ ಅವನ್ನು ಉಳಿಸಬೇಕೆಂದು ಕರೆ ಕೊಟ್ಟರು. 1929ರಲ್ಲಿ ಮೊದಲ ಪ್ರಾಣಿಗಳು ಬಿಯಾವೊವಿಯೆಝಾಕ್ಕೆ ಬಂದವು. 1952ರಲ್ಲಿ ಬೇಲಿಯಾಚೆಗೆ ಬಿಡುವ ಕೆಲಸ ಆರಂಭವಾಯಿತು. 2020ರ ಹೊತ್ತಿಗೆ ಯುರೋಪಿನ ಕಾಡುಗಳಲ್ಲಿ ಅವುಗಳ ಸಂಖ್ಯೆ 6,000 ದಾಟಿತ್ತು.

ಆದರೆ ಒಂದು ತೊಡಕಿದೆ. ಇಂದಿನ ಎಲ್ಲ ಝುಬ್ರ್‌ಗಳೂ ಕೇವಲ 12 ಪ್ರಾಣಿಗಳ ವಂಶ. ಬಿಯಾವೊವಿಯೆಝಾ ತಳಿಗೆ ಮೂಲ ಏಳೇ. ರಕ್ತಸಂಬಂಧ ಇಷ್ಟು ಹತ್ತಿರವಾದರೆ ರೋಗ ಎದುರಿಸುವ ಶಕ್ತಿ ಕುಗ್ಗಬಹುದು. ಇರುವ ಅಲ್ಪ ವೈವಿಧ್ಯವನ್ನಾದರೂ ಕಾಯಲು ಹಿಂಡು ಹಿಂಡು ಬೆರೆಯಬೇಕು.

ಕಾಡಿನ ಒಡೆತನದ ಜಗಳವೂ ಮುಗಿದಿಲ್ಲ. 1996ರಲ್ಲಿ ರಾಷ್ಟ್ರೀಯ ಉದ್ಯಾನ ಇಮ್ಮಡಿಯಾಯಿತಾದರೂ ಪೋಲೆಂಡಿನ ಭಾಗದ ಸುಮಾರು ಆರನೇ ಒಂದು ಪಾಲು ಮಾತ್ರ ಅದರೊಳಗಿದೆ. ತೊಗಟೆಹುಳುವಿನ ಕಾರಣ ಹೇಳಿ 2016ರಿಂದ ಸರ್ಕಾರ ಮರ ಕಡಿಸಿತು. ಅದು ಕಾನೂನುಬಾಹಿರವೆಂದು ಯುರೋಪಿನ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿತು. ಮರದ ಕೆಲಸದಿಂದಲೇ ಬದುಕಿದ್ದ ಮನೆಗಳಿಗೆ ಆ ತೀರ್ಪು ಸಿಹಿಯಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. 2022ರಲ್ಲಿ, ವಲಸಿಗರನ್ನು ತಡೆಯಲು, ಐದೂವರೆ ಮೀಟರ್ ಎತ್ತರದ ಉಕ್ಕಿನ ಗೋಡೆ ಕಾಡನ್ನು ಸೀಳಿಕೊಂಡು ಎದ್ದಿತು. ಪೋಲೆಂಡಿನ ಝುಬ್ರ್ ಒಂದು ಕಡೆ, ಬೆಲಾರೂಸಿನದು ಇನ್ನೊಂದು ಕಡೆ.