ಲಕ್ಷಣವೂ ಓಟವೂ: ಮುಧೋಳದ ನಾಯಿಯ ಮಾತು

ಆತಕೂರಿನ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕ 872ರ, ಎಂದರೆ ಕ್ರಿ.ಶ. 949-50ರ ಆ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದ ಕಾಳಗದಲ್ಲಿ ಚೋಳರನ್ನು ಗೆದ್ದ ವಾರ್ತೆಯನ್ನು ಹೇಳುತ್ತದೆ. ಅಷ್ಟೇ ಗಾಂಭೀರ್ಯದಿಂದ ಕಾಳಿ ಎಂಬ ಬೇಟೆನಾಯಿಯ ಮರಣವನ್ನೂ ಹೇಳುತ್ತದೆ. ಗಂಗರ ಬೂತುಗನ ಆಳಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಈ ನಾಯಿಯನ್ನು. ಅದು ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿ ಹಂದಿಗಳು ಇಂದಿಗೂ ಹೆಣೆದುಕೊಂಡೇ ಇವೆ. ನಾಯಿಯ ಬಣ್ಣವೇನು, ಕಿವಿ ಹೇಗೆ, ಬಾಲ ಎಷ್ಟುದ್ದ ಎಂಬ ವರ್ಣನೆಗೆ ಶಾಸನಕಾರ ಕೈಹಾಕಿಲ್ಲ. ಅದು ಏನು ಮಾಡಿತು ಎಂಬುದೇ ಅವನಿಗೆ ಸಾಕಾಯಿತು.

ಹಾಗೆಂದು ನಾಯಿಯ ಲಕ್ಷಣವನ್ನು ಬರೆದಿಡುವ ವಿದ್ಯೆ ನಮ್ಮವರಿಗೆ ತಿಳಿಯದೆ ಇರಲಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಸಾರಮೇಯ ವಿನೋದಕ್ಕೂ ಸ್ಥಾನವುಂಟು. ಆನೆ, ಕುದುರೆಗಳಂತೆ ನಾಯಿಯೂ ಲಕ್ಷಣಶಾಸ್ತ್ರಕ್ಕೆ ವಿಷಯವಾಗಿತ್ತು. ಆದರೆ ಅದು ಬೇಟೆಗೆ ಹೊರಡುವ ಅರಸನ ಶಾಸ್ತ್ರ. ಲಕ್ಷಣಪಟ್ಟಿಯನ್ನೇ ತಕ್ಕಡಿಯಾಗಿ ಹಿಡಿದು ಬೇಟೆಯಿಲ್ಲದ ಬಯಲಿನಲ್ಲಿ ನಾಯಿಗಳನ್ನು ತೂಗುವ ಪದ್ಧತಿ ಇಂಗ್ಲೆಂಡಿನಿಂದ ಬಂದುದು.

1859ರಲ್ಲಿ ನ್ಯೂಕ್ಯಾಸಲ್ ನಗರದಲ್ಲಿ ನಡೆದ ಶ್ವಾನಪ್ರದರ್ಶನವನ್ನು ಈ ಪದ್ಧತಿಯ ಮೊದಲ ಹೆಜ್ಜೆಯೆಂದು ಎಣಿಸುತ್ತಾರೆ. ಬಂದಿದ್ದವು ಪಾಯಿಂಟರ್ ಮತ್ತು ಸೆಟರ್ ಎಂಬ ಎರಡೇ ಜಾತಿ, ಬಹುಮಾನ, ಬಂದೂಕು. ಪಾಯಿಂಟರುಗಳನ್ನು ತೂಗಿದ ತೀರ್ಪುಗಾರರಲ್ಲೊಬ್ಬರ ನಾಯಿಗೆ ಸೆಟರುಗಳಲ್ಲಿ ಬಹುಮಾನ, ಸೆಟರುಗಳನ್ನು ತೂಗಿದವರೊಬ್ಬರ ನಾಯಿಗೆ ಪಾಯಿಂಟರುಗಳಲ್ಲಿ ಬಹುಮಾನ ಬಂದಿತಂತೆ! ಇಂಥ ಸೌಹಾರ್ದಕ್ಕೆ ಕಡಿವಾಣ ಬೇಕಾದುದು ಸಹಜವೇ. 1873ರಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಯಿತು. 1876ರಲ್ಲಿ ಫಾಕ್ಸ್ ಟೆರಿಯರ್ ನಾಯಿಯ ಅಭಿಮಾನಿಗಳು ತಮ್ಮ ಸಂಘ ಕಟ್ಟಿಕೊಂಡು ಆ ಜಾತಿಯ ಆದರ್ಶರೂಪವನ್ನು ಬರೆದಿಟ್ಟರು. ಅಂದಿನಿಂದ ತೀರ್ಪುಗಾರನು ಒಂದು ನಾಯಿಯನ್ನು ಪಕ್ಕದ ನಾಯಿಯೊಡನೆ ಹೋಲಿಸಿದಂತೆ ಕಂಡರೂ ನಿಜವಾಗಿ ಹೋಲಿಸಬೇಕಾದುದು ಆ ಬರಹದೊಡನೆ. ಹಲ್ಲು ನೋಡುತ್ತಾನೆ, ಭುಜವನ್ನು ಒತ್ತಿ ನೋಡುತ್ತಾನೆ, ನೇರವಾಗಿ ನಡೆಸಿ ಹಿಂದಿನಿಂದಲೂ ಮುಂದಿನಿಂದಲೂ ನಡಿಗೆಯನ್ನು ಪರೀಕ್ಷಿಸುತ್ತಾನೆ.

ಟೆರಿಯರ್ ಎಂಬ ಹೆಸರಿನ ಮೂಲದಲ್ಲಿರುವುದು ಲ್ಯಾಟಿನ್ನಿನ ‘ಟೆರಾ’, ಎಂದರೆ ಭೂಮಿ. ನರಿಯನ್ನು ಬೆನ್ನಟ್ಟಿ ಅದರ ಬಿಲದೊಳಕ್ಕೇ ನುಗ್ಗುವ ನಾಯಿಯಿದು. ಈ ಗುಂಪಿನ ಬಾರ್ಡರ್ ಟೆರಿಯರ್ ಜಾತಿಯನ್ನು ಪರೀಕ್ಷಿಸುವಾಗ ತೀರ್ಪುಗಾರನು ಭುಜದ ಹಿಂದೆ ತನ್ನ ಎರಡೂ ಕೈಗಳಿಂದ ಅದರ ಎದೆಯನ್ನು ಬಳಸಿ ಹಿಡಿಯುತ್ತಾನೆ. ಎದೆ ಕೈಗಳೊಳಗೆ ಅಡಗಿದರೆ ನಾಯಿ ಬಿಲದೊಳಗೆ ಹೋದೀತು. ಅಡಗದಿದ್ದರೆ, ಮುಖ ಎಷ್ಟೇ ಸುಂದರವಾಗಿರಲಿ, ಅದು ಬಿಲದ ಬಾಯಲ್ಲೇ ಉಳಿದೀತು. ನಿಯಮವೊಂದು ತನ್ನ ಹಿಂದಿನ ಕೆಲಸವನ್ನು ಹೀಗೆ ಅಂಗೈಯಲ್ಲೇ ನೆನಪಿಟ್ಟುಕೊಂಡಿರುವುದು ನನಗೆ ಬಹಳ ಹಿಡಿಸಿದ ಸಂಗತಿ. ನಮ್ಮ ಇಳಕಲ್ಲಿನಲ್ಲಿ ಸೀರೆಯನ್ನು ಬಲ್ಲವರು ಬಣ್ಣಕ್ಕೆ ಮರುಳಾಗದೆ, ಒಡಲಿನ ಎಳೆಗೆ ಸೆರಗಿನ ಎಳೆ ಕೊಂಡಿಯಾಗಿ ಕೂಡಿದ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡುವುದು ಇದೇ ಜಾತಿಯ ವಿವೇಕ.

ಈಗ ನಮ್ಮ ನಾಡಿನ ನಾಯಿಗೆ ಬರೋಣ. ಬಾದಾಮಿಯ ಕೆಂಪು ಬಂಡೆಗಳನ್ನು ಬಿಟ್ಟು ಬಾಗಲಕೋಟೆಯನ್ನು ದಾಟಿ ಮುಧೋಳದ ಕಡೆಗೆ ನಡೆದರೆ, ಹುನಗುಂದದ ಸೀಮೆಯಲ್ಲಿ ಇರುವಂಥವೇ ಎರೆಹೊಲಗಳು ಬಿಚ್ಚಿಕೊಳ್ಳುತ್ತವೆ. ಮರ ಕಡಿಮೆ, ನೋಟ ದೂರ. ಇಂಥ ನೆಲದಲ್ಲಿ ಬೇಕಾದುದು ಬಿಲಕ್ಕೆ ನುಗ್ಗುವ ನಾಯಿಯಲ್ಲ. ದೂರದ ಮೊಲವನ್ನು ಕಣ್ಣಿನಿಂದಲೇ ಹಿಡಿದು, ಓಟದಿಂದ ಗೆಲ್ಲುವ ನಾಯಿ. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿದಂಥ ಹೊಟ್ಟೆ, ನೀಳ ಕಾಲು: ಮುಧೋಳದ ನಾಯಿಯ ಒಂದೊಂದು ಅಂಗವೂ ಆ ಬಯಲಿನ ಅಗತ್ಯ. ಮುಧೋಳವೆಂದರೆ ಸಾಹಿತ್ಯದ ವಿದ್ಯಾರ್ಥಿಗೆ ಮೊದಲು ನೆನಪಾಗುವವನು ರನ್ನ. ಅವನು ಹುಟ್ಟಿದ ವರ್ಷ 949 ಎಂಬ ಎಣಿಕೆಯನ್ನು ಒಪ್ಪಿದರೆ, ಕಾಳಿಯ ಕಲ್ಲೂ ಕವಿಯೂ ಸರಿಸುಮಾರು ಒಂದೇ ಕಾಲದವರು!

1857ರಲ್ಲಿ ನಿಶ್ಶಸ್ತ್ರೀಕರಣದ ವಿರುದ್ಧ ಬಂಡೆದ್ದ ಬೇಡರ ಹಲಗಲಿಯೂ ಇದೇ ಮುಧೋಳ ಸೀಮೆಯದು. ಬೇಡರ ಕೈಯಲ್ಲಿದ್ದ ಈ ನಾಯಿಯನ್ನು ಕಂಡು ಮೆಚ್ಚಿ, ತಳಿಯನ್ನು ಕಾಪಾಡಿ ಬೆಳೆಸಿದವರು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರೆಂಬುದು ಪ್ರತೀತಿ. ಅವರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಿತ್ತ ಮೇಲೆ ಮುಧೋಳದ ಹೆಸರು ನಾಯಿಗೆ ಗಟ್ಟಿಯಾಗಿ ನಿಂತಿತು. ಆದರೂ ಭಾರತದ ಕೆನಲ್ ಕ್ಲಬ್ಬು ಇದನ್ನು ‘ಕಾರವಾನ್ ಹೌಂಡ್’ ಎಂದು ದಾಖಲಿಸಿದರೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬು ‘ಮುಧೋಳ್ ಹೌಂಡ್’ ಎಂದಿತು. ಒಂದೇ ನಾಯಿಗೆ ಎರಡು ಜಾತಕ! 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಯಿಗಳ ನಾಲ್ಕು ಅಂಚೆಚೀಟಿ ತಂದಾಗ ಬಳಸಿದ್ದು ಮುಧೋಳದ ಹೆಸರನ್ನೇ.

ಹೆಸರಿನ ಜಗಳಕ್ಕಿಂತ ದೊಡ್ಡ ತೊಡಕು ಬೇರೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಲ್ಲಿಸಿತು, ನಿಲ್ಲಿಸಬೇಕಾದುದೂ ಸರಿಯೇ. ಇಂಗ್ಲೆಂಡಿನಲ್ಲಿಯೂ 2004ರ ಕಾಯಿದೆ ನಾಯಿಗಳಿಂದ ನರಿಬೇಟೆಯಾಡುವುದನ್ನು ನಿಷೇಧಿಸಿತು. ಹೊಲವೇ ತೀರ್ಪುಗಾರನಾಗಿದ್ದ ಕಾಲದಲ್ಲಿ ಓಡಲಾರದ ನಾಯಿಯ ಮರಿಗಳನ್ನು ಯಾರೂ ಬಯಸುತ್ತಿರಲಿಲ್ಲ. ಹೊಲದ ಆ ತೀರ್ಪು ನಿಂತ ಮೇಲೆ ಉಳಿದದ್ದು ಬರಹ ಮತ್ತು ಅದನ್ನು ಓದುವ ಕಣ್ಣು. ಗಂಡಿನ ಎತ್ತರ ಸುಮಾರು 68ರಿಂದ 72 ಸೆಂಟಿಮೀಟರ್, ಹೆಣ್ಣಿನದು 64ರಿಂದ 68 ಎಂದು ಬರೆಯಬಹುದು, ಅಳೆಯಬಹುದು. ಉಸಿರಿನ ಆಳವನ್ನು ಯಾವ ಅಳತೆಪಟ್ಟಿ ಅಳೆದೀತು? ಪ್ರದರ್ಶನದ ಅಂಗಳದಲ್ಲಿ ನಾಯಿ ಹಗ್ಗದ ತುದಿಯಲ್ಲಿ ಜಗ್ಗುನಡಿಗೆ ಹಾಕುತ್ತದೆ. ಮುಧೋಳದ ನಾಯಿ ತನ್ನ ನಿಜವಾದ ಓಟಕ್ಕೆ ಮೈ ಬಿಚ್ಚುವಷ್ಟರಲ್ಲಿ ಆ ಅಂಗಳವೇ ಮುಗಿದಿರುತ್ತದೆ. ಸೊಂಟದ ಮೂಳೆ ಎದ್ದು ಕಾಣುವ ನಾಯಿಯನ್ನು ನೋಡಿ ‘ಉಣ್ಣಿಸಿಲ್ಲ’ ಎನ್ನುವ ಪ್ರೇಕ್ಷಕರಿಗೆ ಹೆದರಿ, ಯಜಮಾನ ಅದಕ್ಕೆ ಮೈ ತುಂಬಿಸಿದರೆ, ಬಹುಮಾನ ಬಂದೀತು, ಓಟ ಹೋದೀತು. ಬಹುಮಾನ ಪಡೆದ ಗಂಡಿಗೇ ಹೆಣ್ಣುಗಳು ಹೆಚ್ಚು ಬರುವುದರಿಂದ ಒಂದು ದಿನದ ತೀರ್ಪು ಹತ್ತು ತಲೆಮಾರಿನ ಎಲುಬಿನೊಳಗೆ ಇಳಿಯುತ್ತದೆ.

ಈ ಅಪಾಯ ಕಲ್ಪನೆಯದಲ್ಲ. ಬುಲ್‌ಡಾಗ್ ಜಾತಿಯನ್ನು ನೋಡಿ. ಗೂಳಿಯೊಡನೆ ಸೆಣಸುತ್ತಿದ್ದ ನಾಯಿ, ಆ ಕ್ರೂರ ಆಟ 1835ರಲ್ಲಿ ನಿಷಿದ್ಧವಾದ ಬಳಿಕ, ಮುಖ ಚಪ್ಪಟೆಯಾದಷ್ಟೂ ಚೆಂದವೆಂಬ ರುಚಿಗೆ ಸಿಕ್ಕು ಉಸಿರಾಡುವುದಕ್ಕೇ ಕಷ್ಟಪಡುವಂತಾಯಿತು. ಬ್ರಿಟನ್ನಿನ ಕೆನಲ್ ಕ್ಲಬ್ಬು 2009ರಲ್ಲಿ ತನ್ನ ಲಕ್ಷಣಪಟ್ಟಿಗಳನ್ನು ಆರೋಗ್ಯದ ದೃಷ್ಟಿಯಿಂದ ತಿದ್ದಬೇಕಾಯಿತು.

ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಮತ್ತು ಮಾಹಿತಿ ಕೇಂದ್ರ ಈ ತಳಿಯ ರಕ್ಷಣೆಗೆ ದುಡಿಯುತ್ತಿದೆ. 2016ರಲ್ಲಿ ಇಲ್ಲಿಯ ಮರಿಗಳು ಮೀರತ್ತಿನ ಸೈನಿಕ ತರಬೇತಿ ಕೇಂದ್ರಕ್ಕೆ ಹೋದವು. ನಾಯಿಗೆ ಮತ್ತೆ ಕೆಲಸ ಸಿಕ್ಕಿತೆಂದು ನಮ್ಮ ಜಿಲ್ಲೆಯವರೆಲ್ಲ ಹಿಗ್ಗಿದೆವು. ಆದರೆ ಸೈನ್ಯವು ನಾಯಿಯಿಂದ ಬಯಸುವುದು ಬಹುಮಟ್ಟಿಗೆ ಮೂಗಿನ ಕೆಲಸ. ಇದು ತಲೆಮಾರುಗಳಿಂದ ಕಣ್ಣನ್ನು ನಂಬಿ ಬದುಕಿದ ನಾಯಿ. ಮುಂದೆ ತಳಿಗಾರನು ಮರಿಗಳನ್ನು ಆರಿಸುವಾಗ ಕಾಲನ್ನು ನೋಡಬೇಕೆ, ಮೂಗನ್ನು ನೋಡಬೇಕೆ? ಪಟ್ಟಿ ಬರೆಯುವವರು ಆ ಚರ್ಚೆಗೆ ಕುಳಿತಾಗ, ಎರೆಹೊಲದಲ್ಲಿ ಈ ನಾಯಿಯ ಹಿಂದೆ ಓಡಿದ ಮುದುಕರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಅಂಥವರು ಇನ್ನೂ ಕೆಲವರು ನಮ್ಮ ಹಳ್ಳಿಗಳಲ್ಲಿ ಉಳಿದಿದ್ದಾರೆ.